ಬಾಣಂತಿಯರ ಕನಸು ಕೇಳುವ ಹಾಲವ್ವ

ಬೆಳಗಿನ ಐದೂವರೆ. ಧಾರಾವಿಯ ಅರವತ್ತಡಿ ರಸ್ತೆಗೆ ಇನ್ನೂ ಪೂರ್ತಿ ಎಚ್ಚರವಾಗಿಲ್ಲ. ಚರ್ಮದ ಚೀಲದ ಅಂಗಡಿಗಳ ಶಟರ್ ಇಳಿದೇ ಇವೆ. ನಲ್ಲಿಯ ಮುಂದೆ ಕೊಡಗಳು ಸಾಲಾಗಿ ನಿಂತಿವೆ, ಕೊಡಗಳ ಒಡತಿಯರು ಕಟ್ಟೆಯ ಮೇಲೆ ಕೂತು ಆಕಳಿಸುತ್ತಿದ್ದಾರೆ. ಅವರನ್ನು ಹಾದು ಹಾಲವ್ವ ಸಯನ್ ಕಡೆಗೆ ಹೆಜ್ಜೆ ಹಾಕುತ್ತಾರೆ. ಹೆಗಲಲ್ಲಿ ಒಂದು ಬಟ್ಟೆಯ ಚೀಲ. ಅದರಲ್ಲಿ ಎಳ್ಳೆಣ್ಣೆಯ ಬಾಟಲಿ, ಕಡಲೆಹಿಟ್ಟಿನ ಡಬ್ಬಿ, ಹಳೆಯ ಕಾಟನ್ ಸೀರೆಯನ್ನು ಉದ್ದುದ್ದ ಹರಿದು ಮಡಿಸಿಟ್ಟ ಪಟ್ಟಿಗಳು. ಸೇತುವೆಯ ಕೆಲಸ ನಡೆದಿರುವುದರಿಂದ ಸುತ್ತು ಬಳಸಿ ಹೋಗಬೇಕು. ಆದರೂ ಆರು ಗಂಟೆಯ ಹೊತ್ತಿಗೆ ಅವರು ಸಯನ್ನಿನ ಒಂದು ಬಿಲ್ಡಿಂಗಿನ ಗೇಟಿನೊಳಗೆ ಇರುತ್ತಾರೆ. ವಾಚ್‌ಮನ್ ಅವರ ಮುಂದೆ ರಿಜಿಸ್ಟರ್ ಚಾಚುವುದಿಲ್ಲ. ಆ ಬಿಲ್ಡಿಂಗಿನ ಐದು ಮಕ್ಕಳಿಗೆ ಹುಟ್ಟಿದ ವಾರದಿಂದ ನೀರು ಹಾಕಿದವರು ಅವರೇ.

ಇದು ಕಳೆದ ಸೆಪ್ಟೆಂಬರಿನ ಒಂದು ಬೆಳಗು. ಏಳನೆಯ ಮಹಡಿಯ ಮನೆ. ಬೆಲ್ ಒತ್ತುವ ಮೊದಲೇ ಕೌಸಲ್ಯಾ ಅವರು ಬಾಗಿಲು ತೆರೆಯುತ್ತಾರೆ. ಮೈಸೂರಿನಿಂದ ಮದುವೆಯಾಗಿ ಬಂದು ಮೂವತ್ತೈದು ವರ್ಷವಾಯಿತು, ವಿಮಾ ಕಚೇರಿಯಲ್ಲಿ ದುಡಿದು ನಿವೃತ್ತರಾದರು, ಈಗ ಹದಿನಾಲ್ಕು ದಿನದಿಂದ ಅಜ್ಜಿ. ಸೊಸೆ ಧಾತ್ರಿಗೆ ಮೂವತ್ತೊಂದು ವಯಸ್ಸು. ಜಾಹೀರಾತು ಕಂಪನಿಯೊಂದರಲ್ಲಿ ಬರೆಯುವ ಕೆಲಸ. ತಾಯಿ ತೀರಿಕೊಂಡು ಆರು ವರ್ಷವಾದ್ದರಿಂದ ಅವಳ ಬಾಣಂತನ ಅತ್ತೆಯ ಮನೆಯಲ್ಲೇ ನಡೆದಿದೆ.

ಕೋಣೆಯಲ್ಲಿ ಪರದೆ ಎಳೆದಿದೆ. ನೆಲದ ಮೇಲೆ ಚಾಪೆ, ಚಾಪೆಯ ಮೇಲೆ ಹಳೆಯ ಬೆಡ್‌ಶೀಟು. ಸ್ಟೀಲಿನ ಬಟ್ಟಲಲ್ಲಿ ಎಣ್ಣೆ, ಆ ಬಟ್ಟಲು ಬಿಸಿನೀರಿನ ಪಾತ್ರೆಯೊಳಗೆ. ಧಾತ್ರಿ ಮಗ್ಗುಲಾಗಿ ಮಲಗುತ್ತಾಳೆ. ಹಾಲವ್ವ ಅಂಗಾಲಿನಿಂದ ಶುರು ಮಾಡುತ್ತಾರೆ. ಮೊದಲು ಪಾದ, ಆಮೇಲೆ ಮೀನಖಂಡ, ತೊಡೆ, ಸೊಂಟ. ಹೊರಗೆ ಹಾರ್ಬರ್ ಲೈನಿನ ಕಡೆಯಿಂದಲೋ ಎಲ್ಲಿಂದಲೋ ಒಂದು ಲೋಕಲ್ ರೈಲು ಸದ್ದು ಮಾಡಿ ಹೋಗುತ್ತದೆ. ಎಣ್ಣೆಯ ವಾಸನೆ, ಮಂದ ಬೆಳಕು, ಕೂಸಿನ ಸಣ್ಣ ಉಸಿರು. ಬಾಗಿಲಲ್ಲಿ ನಿಂತು ನೋಡುವವರಿಗೂ ಕಣ್ಣು ಎಳೆಯುವಂಥ ಹೊತ್ತು ಅದು. ಕೈ ಬೆನ್ನಿನ ಮೇಲಿನಿಂದ ಹತ್ತಿ ಭುಜಕ್ಕೆ ಬಂದಾಗ ಹಾಲವ್ವ ದಿನಾ ಕೇಳುವುದನ್ನು ಕೇಳುತ್ತಾರೆ.

"ರಾತ್ರಿ ಏನ್ ಕನಸ ಬಿತ್ತ ತಂಗಿ?"

"ಇವತ್ತು ತುಂಬಾ ಚೆನ್ನಾಗಿತ್ತು ಮೌಶಿ," ಎನ್ನುತ್ತಾಳೆ ಧಾತ್ರಿ, ಮರಾಠಿಯಲ್ಲಿ ಚಿಕ್ಕಮ್ಮ ಎಂದು ಕರೆಯುತ್ತ. "ಸಮುದ್ರ ಇತ್ತು, ಪೂರಾ ನೀಲಿ. ನಾನು, ಬೇಬಿ ಇಬ್ರೂ ಮೀನು ಆಗಿದ್ವಿ. ಸಣ್ಣ ಮೀನು ನನ್ನ ಪಕ್ಕದಲ್ಲೇ ಈಜ್ತಾ ಇತ್ತು. ಎಷ್ಟು ದೂರ ಹೋದ್ರೂ ಬಿಡ್ತಾ ಇರ್ಲಿಲ್ಲ. ಕೊನೇಲಿ ಮೇಲಿಂದ ಬೆಳಕು ಬಂತು."

ಮೊಮ್ಮಗಳನ್ನು ಎತ್ತಿಕೊಂಡು ಬಾಗಿಲಲ್ಲಿ ನಿಂತಿದ್ದ ಕೌಸಲ್ಯಾ ಅವರ ಮುಖ ಅರಳುತ್ತದೆ. "ಎಷ್ಟು ಚೆನ್ನಾಗಿದೆ ಅಲ್ವಾ ಹಾಲವ್ವ?" ಎನ್ನುತ್ತಾರೆ. "ಹೌದ್ರಿ ಅಮ್ಮಾರ, ಚೊಲೊ ಐತಿ," ಎನ್ನುತ್ತಾರೆ ಹಾಲವ್ವ. ಆದರೆ ಅವರ ಹೆಬ್ಬೆರಳಿನ ಕೆಳಗಿರುವ ಭುಜ ಹಲಗೆಯ ಹಾಗೆ ಬಿಗಿದುಕೊಂಡಿದೆ. ಕನಸು ಮುಗಿದರೂ ಸಡಿಲವಾಗಿಲ್ಲ. ನಿನ್ನೆಯೂ ಹೀಗೇ ಇತ್ತು, ಮೊನ್ನೆಯೂ.

"ಬಾಯಿ ಕನಸ ಹೇಳಾಕತ್ತಿತ್ರಿ, ಮೈ ಹೂಂ ಅನ್ನಲಿಲ್ಲ," ಎಂದು ಆ ಬೆಳಗನ್ನು ನೆನೆಯುತ್ತಾರೆ ಹಾಲವ್ವ.

ಐವತ್ನಾಲ್ಕು ವರ್ಷದ ಹಾಲವ್ವನ ಊರು ವಿಜಯಪುರದ ಇಂಡಿ ತಾಲ್ಲೂಕಿನ ಕಡೆ. ಹದಿನೆಂಟಕ್ಕೆ ಮದುವೆಯಾಗಿ ಧಾರಾವಿಗೆ ಬಂದವರು. ಗಂಡ ಬಂಡೆಪ್ಪ ಹಳೇ ಪ್ಲಾಸ್ಟಿಕ್ ಡಬ್ಬಗಳನ್ನು ಬಣ್ಣದ ಪ್ರಕಾರ ಬೇರ್ಪಡಿಸುವ ಗೋದಾಮಿನಲ್ಲಿ ದುಡಿಯುತ್ತಾರೆ. ಬಾಣಂತಿಯರಿಗೆ ಎರೆಯುವ ವಿದ್ಯೆ ಹಾಲವ್ವನಿಗೆ ಅತ್ತೆ ರುದ್ರವ್ವನಿಂದ ಬಂತು. ಎರೆಯುವುದೆಂದರೆ ಮೈಗೆ ಎಣ್ಣೆ ತಿಕ್ಕಿ, ಬಿಸಿನೀರು ಹಾಕಿ, ಒರೆಸಿ, ಹೊಟ್ಟೆಗೆ ಬಟ್ಟೆ ಕಟ್ಟಿ ಮಲಗಿಸುವುದು. ಮರಾಠಿ ಮನೆಗಳಲ್ಲಿ ಅವರನ್ನು ಮಾಲಿಶ್‌ವಾಲಿ ಬಾಯಿ ಅನ್ನುತ್ತಾರೆ, ಕನ್ನಡದ ಮನೆಗಳಲ್ಲಿ ಎಣ್ಣೆ ನೀರಿನ ಹಾಲವ್ವ. ರುದ್ರವ್ವ ಸೊಸೆಯನ್ನು ಎರಡು ವರ್ಷ ಬರೀ ನೀರು ಹೊರಲು ಹಚ್ಚಿದ್ದರಂತೆ. ಮೂರನೆಯ ವರ್ಷವೇ ಒಬ್ಬ ಬಾಣಂತಿಯ ಅಂಗಾಲು ಮುಟ್ಟಲು ಬಿಟ್ಟದ್ದು.

ಹಾಲವ್ವ ಸ್ವಂತವಾಗಿ ಈ ಕೆಲಸ ಹಿಡಿದು ಇಪ್ಪತ್ತೆರಡು ವರ್ಷವಾಗಿದೆ. ದಿನಕ್ಕೆ ನಾಲ್ಕು ಮನೆ. ಒಂದೊಂದು ಮನೆಗೂ ನಲವತ್ತು ದಿನ. ತಾಯಿಗೆ ಒಂದು ಗಂಟೆ, ಕೂಸಿಗೆ ಅರ್ಧ ಗಂಟೆ. ತಾಯಿಗೆ ಐದು ಬಕೆಟ್ ನೀರು, ಕೂಸಿಗೆ ಒಂದು. ಮಧ್ಯಾಹ್ನ ಮನೆ ಸೇರುವಾಗ ಇಪ್ಪತ್ನಾಲ್ಕು ಬಕೆಟ್ ಎತ್ತಿ ಇಳಿಸಿದ ತೋಳುಗಳು ಅವರದಲ್ಲ ಅನ್ನಿಸುತ್ತವಂತೆ. ಎರಡೂ ಹೆಬ್ಬೆರಳು ಈಗ ಸರಿಯಾಗಿ ಮಡಚುವುದಿಲ್ಲ. ಒಟ್ಟು ಎಷ್ಟು ಬಾಣಂತಿಯರು ಎಂದು ಕೇಳಿದರೆ ನಗುತ್ತಾರೆ. ನಾವು ಕೂತು ಗುಣಿಸಿದರೆ ಆರುನೂರರ ಹತ್ತಿರ ಬಂತು. ಆರುನೂರು ಹೆಂಗಸರು ಈ ಮಹಾನಗರದ ಮೂಲೆ ಮೂಲೆಯಲ್ಲಿ ಲೋಕಲ್ ಹಿಡಿಯುತ್ತ, ಆಫೀಸಿನಲ್ಲಿ ಮೀಟಿಂಗ್ ಮಾಡುತ್ತ, ಮಕ್ಕಳ ಹೋಂವರ್ಕ್ ಬರೆಸುತ್ತ ಇದ್ದಾರೆ. ಅವರ ಬೆನ್ನಿನ ಯಾವ ಗಂಟು ಯಾವ ಕಡೆ ಇತ್ತೆಂದು ಹಾಲವ್ವನ ಕೈಗೆ ಗೊತ್ತಿದೆ.

ಕಾಲಕ್ಕೆ ತಕ್ಕಂತೆ ಬಿಡಬೇಕಾದದ್ದನ್ನು ಬಿಟ್ಟವರು ಅವರು. ಡಾಕ್ಟರರು ಬೇಡವೆಂದ ಮೇಲೆ ಸಾಂಬ್ರಾಣಿಯ ಹೊಗೆ ಬಿಟ್ಟರು. ಕೂಸಿನ ಮೂಗಿಗೆ ಎಣ್ಣೆ ಬಿಡುವುದನ್ನು ಬಿಟ್ಟರು. ಸಿಸೇರಿಯನ್ ಆದವರ ಹೊಟ್ಟೆಯನ್ನು ಡಾಕ್ಟರು ಹೂಂ ಎನ್ನುವ ತನಕ ಮುಟ್ಟುವುದಿಲ್ಲ. "ನಮ್ಮ ಅತ್ತಿ ಇದ್ದಿದ್ರ ಬೈತಿದ್ರು. ಆದ್ರ ಅವರಿಗೂ ತಿಳಿಸಿ ಹೇಳಿದ್ರ ಕೇಳತಿದ್ರು ಬಿಡ್ರಿ," ಎನ್ನುತ್ತಾರೆ. ಬಿಡದೆ ಇಟ್ಟುಕೊಂಡದ್ದು ಒಂದೇ, ಕನಸು ಕೇಳುವ ರೂಢಿ. ಅದೂ ರುದ್ರವ್ವನದೇ.

ಕನಸಿನ ಫಲ ಹೇಳುವವರ ಪೈಕಿ ಅಲ್ಲ ಹಾಲವ್ವ. ಹಾವು ಕಂಡರೆ ಇದು, ನೀರು ಕಂಡರೆ ಅದು ಎಂದು ಅವರೆಂದೂ ಹೇಳಿಲ್ಲ. "ಅರ್ಥ ಗಿರ್ಥ ನನಗ ತಿಳಿಯೂದಿಲ್ರಿ. ನೋವು ಎಲ್ಲೈತಿ ಅಂತ ಕೇಳಿದ್ರ ಹೆಣ್ಮಕ್ಕಳು ಏನೂ ಇಲ್ಲ ಅಂತಾರ. ಮನಿಯಾಗ ಹ್ಯಾಂಗ ನೋಡಕೋತಾರ ಅಂತ ಕೇಳಿದ್ರ ಬಾಗಿಲ ಕಡೆ ನೋಡಿ ಚೊಲೊ ಅಂತಾರ. ಕನಸ ಕೇಳಿದ್ರ ಮಾತ್ರ ಹೇಳತಾರ. ಹೇಳಕೋಂತ ಹೇಳಕೋಂತ ಭುಜ ಸಡಲ ಬಿಡತಾರ. ಆವಾಗ ನಾ ಒತ್ತಿದ್ದು ಹತ್ತತೈತಿ." ಮೈ ಬೇರೆ ಮನಸ್ಸು ಬೇರೆ ಎಂದು ಓದಿದವರು ಹೇಳುವುದನ್ನು ಅವರು ಕೇಳಿದ್ದಾರೆ. ಅವರ ಕೈಗೆ ಎರಡೂ ಒಂದೇ ಕಡೆ ಸಿಗುತ್ತವಂತೆ.

ಹಾಗೆ ಅವರು ಕೇಳಿದ ಕನಸುಗಳನ್ನು ಕೇಳುತ್ತ ಕೂತರೆ ಹೊತ್ತು ಹೋದದ್ದೇ ತಿಳಿಯುವುದಿಲ್ಲ. ಮಾಟುಂಗಾದ ಒಬ್ಬಾಕೆ ಕೂಸನ್ನು ರೈಲಿನ ಲೇಡೀಸ್ ಡಬ್ಬಿಯ ಲಗೇಜು ಕಂಬಿಯ ಮೇಲೆ ಇಟ್ಟು ಮರೆತಳು. ಓಡಿ ಹೋಗಿ ನೋಡಿದರೆ ಅಲ್ಲಿ ಕೂಸಿನ ಬದಲು ಎರಡು ಡಜನ್ ಬಾಳೆಹಣ್ಣು, ಪಕ್ಕದವಳು ಆಗಲೇ ಒಂದು ಸುಲಿದು ತಿನ್ನುತ್ತಿದ್ದಾಳೆ. ಇನ್ನೊಬ್ಬಾಕೆಯ ಬಿಲ್ಡಿಂಗಿನ ಲಿಫ್ಟಿನಲ್ಲಿ ಹಾಲು ತುಂಬಿತ್ತು. ಸೊಸೈಟಿಯ ಸೆಕ್ರೆಟರಿ ಬಂದು ಇದು ಯಾರ ಹಾಲು ಎಂದು ನೋಟಿಸ್ ಅಂಟಿಸುತ್ತಿದ್ದರು. ಚೆಂಬೂರಿನ ಒಬ್ಬಾಕೆಗೆ ತೀರಿಹೋದ ತಾಯಿ ಬಂದರು. ಮೊಮ್ಮಗನ ಮುಖ ನೋಡದೆ ಗ್ಯಾಸ್ ಸಿಲಿಂಡರ್ ಬುಕ್ ಮಾಡಿದೆಯಾ ಎಂದು ಕೇಳಿ ಹೊರಟುಹೋದರು. ಆ ಕನಸು ಹೇಳಿ ಅವಳು ಅತ್ತ ಅಳುವಿಗೆ ಹಾಲವ್ವನ ಸೆರಗು ಒದ್ದೆಯಾಗಿತ್ತು. ಬೆಳಗಿನ ಜಾವ ನಡೆದು ಬರುವಾಗ ಕತ್ತಲ ಕಿಟಕಿಗಳ ಸಾಲು ಕಂಡರೆ, ಈ ಒಂದೊಂದರ ಹಿಂದೆ ಯಾರ್ಯಾರು ಏನೇನು ನೋಡುತ್ತ ಮಲಗಿದ್ದಾರೋ ಅನ್ನಿಸುತ್ತದಂತೆ. ನಿಮ್ಮ ಕನಸೇನು ಎಂದರೆ ಮಾತ್ರ ಮಾತು ಹಾರಿಸುತ್ತಾರೆ. "ನಮ್ಮ ಮನಿಯವ್ರು ಎದ್ದ ಕೂಡ್ಲೇ ಚಹಾ ಕೇಳತಾರ್ರಿ, ಕನಸ ಕೇಳೂದಿಲ್ಲ."

ಇದೇ ರೂಢಿಯಲ್ಲಿ ಅವರು ಒಮ್ಮೆ ದೊಡ್ಡ ತಪ್ಪು ಮಾಡಿದ್ದರು. ಹದಿನೇಳು ವರ್ಷದ ಹಿಂದಿನ ಮಾತು. ದಹಿಸರ್‌ನಲ್ಲಿ ಸಣ್ಣ ವ್ಯಾಪಾರದ ಒಂದು ಮನೆ, ಹಾಲವ್ವನ ಸೀಮೆಯವರೇ. ಬಾಣಂತಿಯ ಹೆಸರು ಮಹಾದೇವಿ, ವಯಸ್ಸು ಇಪ್ಪತ್ತೆರಡು. ಯಾವತ್ತು ಕೇಳಿದರೂ ಅವಳದು ಒಂದೇ ಉತ್ತರ, ಕನಸೇ ಬಿದ್ದಿಲ್ಲಕ್ಕಾ. ಹಾಲವ್ವ ಅದನ್ನು ಗಾಢ ನಿದ್ದೆ ಎಂದುಕೊಂಡರು. ನನ್ನ ಕೈಗುಣ ನೋಡು, ಕನಸೂ ಬೀಳದಂಥ ನಿದ್ದೆ ತರಿಸಿದ್ದೇನೆ ಎಂದು ಬೀಗಿದರು. ಬೇರೆ ಮನೆಗಳಲ್ಲಿ ಹೇಳಿಕೊಂಡೂ ತಿರುಗಿದರು. ಇಪ್ಪತ್ತಾರನೆಯ ದಿನ ಹೋದರೆ ಮನೆಗೆ ಬೀಗ. ಪಕ್ಕದ ಮನೆಯವರು ಹೇಳಿದರು: ಮಹಾದೇವಿ ನಸುಕಿನಲ್ಲಿ ಕೂಸನ್ನು ಬಿಟ್ಟು ಬರಿಗಾಲಲ್ಲಿ ಮನೆಯಿಂದ ಹೊರಟುಬಿಟ್ಟಿದ್ದಳು. ರೈಲ್ವೆ ಹಳಿಯ ಹತ್ತಿರ ಕೆಲಸದವನೊಬ್ಬ ಕೈಹಿಡಿದು ಎಳೆದು ಉಳಿಸಿದ. ಜೀವ ಉಳಿಯಿತು. ಆದರೆ ಅವಳಿಗೆ ತಲೆ ಕೆಟ್ಟಿದೆ ಎಂದು ತವರಿಗೆ ಕಳಿಸಿದರು, ಕೂಸನ್ನು ಕೊಡಲಿಲ್ಲ. ಹಾಲವ್ವ ಅವಳನ್ನು ಮತ್ತೆ ನೋಡಲೇ ಇಲ್ಲ.

"ನಿದ್ದಿನ ಬರದಾಕಿಗೆ ಕನಸ ಎಲ್ಲಿಂದ ಬಿದ್ದೀತ್ರಿ? ಅಷ್ಟು ಸಾದಾ ಮಾತು ನನಗ ತಿಳೀಲಿಲ್ಲ," ಎನ್ನುವಾಗ ಅವರ ದನಿ ಈಗಲೂ ತಗ್ಗುತ್ತದೆ. "ಮ್ಯಾಲ ನಾನು ಹೆಮ್ಮಿ ಬ್ಯಾರೆ ಪಟ್ಟಕೊಂಡೆ."

ಮಾಟುಂಗಾದ ಡಾಕ್ಟರಮ್ಮ ಒಬ್ಬರಿದ್ದರು, ಅವರಿಗೂ ಎರೆದವರು ಹಾಲವ್ವನೇ. ಹೆಸರು ಹೇಳದೆ ಮಹಾದೇವಿಯ ಸಂಗತಿ ಅವರ ಮುಂದೆ ಇಟ್ಟಾಗ, ಹೆರಿಗೆಯ ನಂತರ ಕೆಲವರಿಗೆ ಬರುವ ಮನಸ್ಸಿನ ಕಾಯಿಲೆಯ ಬಗ್ಗೆ ಅವರು ಬಿಡಿಸಿ ಹೇಳಿದರು. ಯಾರ ತಪ್ಪೂ ಅಲ್ಲ, ಔಷಧವಿದೆ, ಬೇಗ ಗೊತ್ತಾಗಬೇಕು ಅಷ್ಟೇ. ಅಲ್ಲಿಂದ ಹಾಲವ್ವನ ಪ್ರಶ್ನೆ ಎರಡಾಯಿತು. ಕನಸಿಲ್ಲ ಎಂದವರಿಗೆ ಅವರು ತಿರುಗಿ ಕೇಳುತ್ತಾರೆ, "ಗಡಿಯಾರ ಎಷ್ಟು ಸಲ ನೋಡಿದಿ?" ಸರಿಯಾಗಿ ಮಲಗಿದವರಿಗೆ ಆ ಪ್ರಶ್ನೆಯೇ ಅರ್ಥವಾಗುವುದಿಲ್ಲ. ಮಲಗದವರು ಥಟ್ಟನೆ ಸಂಖ್ಯೆ ಹೇಳುತ್ತಾರೆ. ಹಾಗೆ ಸಂಖ್ಯೆ ಹೇಳಿದ ಏಳೆಂಟು ಜನರ ಮನೆಯವರೊಡನೆ ಅವರು ಮಾತಾಡಿದ್ದಾರೆ. ಒಂದೆರಡು ಕಡೆ ಬೈಸಿಕೊಂಡಿದ್ದಾರೆ.

ಧಾತ್ರಿಯೂ ಹನ್ನೊಂದನೆಯ ದಿನ ಕನಸಿಲ್ಲ ಎಂದಿದ್ದಳು. ಗಡಿಯಾರದ ಪ್ರಶ್ನೆ ಬಂದಾಗ ನಕ್ಕು, ಚೆನ್ನಾಗಿ ಮಲಗಿದ್ದೆ ಮೌಶಿ ಎಂದಳು. ಬಾಗಿಲಲ್ಲಿದ್ದ ಅತ್ತೆಯ ಹುಬ್ಬು ಗಂಟಾದದ್ದನ್ನು ಅವಳು ನೋಡಿದ್ದಿರಬೇಕು. ಮಾರನೆಯ ದಿನದಿಂದ ದಿನಕ್ಕೊಂದು ಕನಸು ಬಂತು. ತಾವರೆಯ ಕೊಳ, ಬಿಳಿ ಕುದುರೆ, ಈಗ ಈ ಮೀನು. ಕೌಸಲ್ಯಾ ಅವರಿಗೆ ಎಷ್ಟು ಹಿಡಿಸಿತೆಂದರೆ, ಬೆಂಗಳೂರಿನ ತಂಗಿಗೆ ಫೋನ್ ಮಾಡಿ ಸೊಸೆಯ ಕನಸುಗಳನ್ನು ವರ್ಣಿಸತೊಡಗಿದರು. ಹಾಲವ್ವ ಮಾತ್ರ ಆ ಭುಜಗಳನ್ನು ಒತ್ತುತ್ತ ಮೂರು ದಿನ ತಮ್ಮನ್ನೇ ಅನುಮಾನಿಸಿಕೊಂಡರು. ಓದಿದ ಹುಡುಗಿ, ಚಂದದ ಕನಸು ಬೀಳಬಾರದೆಂದು ಎಲ್ಲಿದೆ? ದಹಿಸರ್‌ನ ಹೆದರಿಕೆಯನ್ನು ತಂದು ಈ ಮನೆಯಲ್ಲಿ ಹರಡುತ್ತಿದ್ದೇನೋ ಏನೋ. ಮೀನಿನ ಕನಸಿನ ದಿನ ಅವರಿಗೆ ಇನ್ನು ಸುಮ್ಮನಿರಲು ಆಗಲಿಲ್ಲ.

ಕೌಸಲ್ಯಾ ಅವರನ್ನು ಕೂಸಿನ ಬಟ್ಟೆ ಮಡಿಸಲು ಕಳಿಸಿ, ಧಾತ್ರಿಯನ್ನು ಬಚ್ಚಲಿಗೆ ಕರೆದುಕೊಂಡು ಹೋಗಿ ಮಣೆಯ ಮೇಲೆ ಕೂರಿಸಿದರು. ಬಾಗಿಲು ಹಾಕಿದರು. ಗೀಸರಿನ ನೀರು ಬಕೆಟ್ಟಿಗೆ ಬೀಳುತ್ತಿತ್ತು, ಹಬೆಯಲ್ಲಿ ಕನ್ನಡಿ ಮಸುಕಾಗಿತ್ತು. ಎರಡು ತಂಬಿಗೆ ಬೆನ್ನಿಗೆ ಸುರಿದು ಹಾಲವ್ವ ಮೆಲ್ಲಗೆ ಹೇಳಿದರು.

"ತಂಗಿ, ಆ ಮೀನಿನ ಕನಸ ಬಿದ್ದದ್ದಲ್ಲ. ನೀ ಕಟ್ಟಿದ್ದು."

ಧಾತ್ರಿ ಕತ್ತು ತಿರುಗಿಸಿದಳು. "ಹೇಗೆ ಗೊತ್ತಾಯ್ತು?" ಎಂದಳು.

"ಖರೆ ಕನಸ ಅಷ್ಟು ಸಾಫ ಇರೂದಿಲ್ಲವಾ. ಅದರಾಗ ಏನರ ಒಂದು ತಾಳಮೇಳ ಇಲ್ಲದ್ದು ಇರತೈತಿ. ಮೀನಿನ ಬಾಜೂಕ ಒಂದು ಕುಕ್ಕರ್ ಸೀಟಿ ಹೊಡಿತಿತ್ತು ಅಂದಿದ್ರ ನಾ ನಂಬತಿದ್ದೆ."

ಧಾತ್ರಿಗೆ ನಗು ಬಂತು. ಎರಡು ವಾರದಲ್ಲಿ ಅವಳು ನಿಜವಾಗಿ ನಕ್ಕದ್ದು ಅದೇ ಮೊದಲು ಎಂದು ಈಗ ಅವಳೇ ಹೇಳುತ್ತಾಳೆ. ನಗುತ್ತ ನಗುತ್ತ ಅದು ಅಳುವಾಯಿತು. ಹಾಲವ್ವ ನೀರು ಹಾಕುವುದನ್ನು ನಿಲ್ಲಿಸಲಿಲ್ಲ. ಯಾಕೆಂದು ಕೇಳಿದರೆ ಈಗ ಹೇಳುತ್ತಾರೆ: "ತಲಿ ಮ್ಯಾಲ ನೀರ ಬೀಳುವಾಗ ಅತ್ರ ಯಾರಿಗೂ ಕಾಣೂದಿಲ್ಲ ಅಂತ ಹೆಣ್ಮಕ್ಕಳು ತಿಳಕೊಂಡಿರತಾರ. ನೀರು ಹಾಕಾಕಿಗೆ ಕಾಣತೈತ್ರಿ. ಆದ್ರ ನೀರ ನಿಂದ್ರಸಬಾರದು. ನಿಂದ್ರಸಿದ್ರ ಮಾತೂ ನಿಂದರತೈತಿ."

ನೀರಿನ ನಡುವೆ ಧಾತ್ರಿ ಹೇಳಿದಳು. "ಹನ್ನೊಂದು ದಿನ ಆಯ್ತು ಮೌಶಿ. ಕಣ್ ಮುಚ್ತೀನಿ, ಬಸ್, ಅಷ್ಟೇ. ಬೇಬಿ ಮಲಗಿದ್ರೂ ನನಗೆ ಬರಲ್ಲ. ಬಾಲ್ಕನಿಗೆ ನಾನು ಹೋಗೋದೇ ಇಲ್ಲ, ನೋಡಿದ್ದೀರಾ? ಅವಳನ್ನ ಎತ್ಕೊಂಡು ಕಿಟಕಿ ಹತ್ರ ನಿಂತ್ರೆ ಡರ್ ಆಗತ್ತೆ. ನನ್ನ ಕೈ ಮೇಲೆ ನನಗೇ ಭರೋಸಾ ಇಲ್ಲ. ಯಾರಿಗೆ ಹೇಳ್ಲಿ? ಕೆಟ್ಟ ತಾಯಿ ಅಂತಾರೆ. ಅವಳನ್ನ ನನ್ನಿಂದ ತಗೊಂಡ್ಬಿಡ್ತಾರೆ."

ಕೂಸನ್ನು ಕಿತ್ತುಕೊಂಡಾರು ಎಂಬ ಮಾತು ಕೇಳಿದಾಗ ಹಾಲವ್ವ ಇನ್ನೊಂದು ತಂಬಿಗೆ ತುಂಬಿ ಸುರಿದರು. "ನೀ ಕೆಟ್ಟಾಕಿ ಅಲ್ಲವ್ವಾ," ಎಂದರು. "ಇದು ಬ್ಯಾನಿ. ಜ್ವರ ಬಂದಾಂಗ ಬಂದೈತಿ, ಔಷಧಕ್ಕ ಹೋಗತೈತಿ. ನಿನ್ನ ಕೂಸು ನಿನ್ನ ಹಂತ್ಯಾಕ ಇರತೈತಿ. ನಾ ಮಾತಾಡತೇನಿ." ಆ ದಿನ ಐದು ಬಕೆಟ್ಟಿನ ಬದಲು ಒಂಬತ್ತು ಬಕೆಟ್ ನೀರು ಹೋಯಿತು. ಗೀಸರ್ ತಣ್ಣಗಾದ ಮೇಲೆಯೇ ಇಬ್ಬರೂ ಹೊರಗೆ ಬಂದದ್ದು.

ಕೌಸಲ್ಯಾ ಅವರೊಡನೆ ಮಾತಾಡುವುದು ಒಂಬತ್ತು ಬಕೆಟ್ಟಿಗಿಂತ ಭಾರವಾಗಿತ್ತು. ಅಡುಗೆಮನೆಯಲ್ಲಿ ನಿಂತು ಪೂರ್ತಿ ಕೇಳಿಸಿಕೊಂಡ ಅವರು, "ಹಾಲವ್ವ, ಎಲ್ಲ ತಾಯಂದ್ರಿಗೂ ಇದ್ದಿದ್ದೇ ಇದು. ನಾನೇನು ಹೆತ್ತಿಲ್ವಾ? ನಾಲ್ಕು ದಿನ ನಿದ್ದೆಗೆಟ್ಟರೆ ಮನಸ್ಸು ಹಾಗಾಗುತ್ತೆ. ನಮ್ಮ ಮನೇಲಿ ಅಂಥ ಡಾಕ್ಟರ ಹತ್ರ ಯಾರೂ ಹೋದವರಿಲ್ಲ," ಎಂದರು. ಆಮೇಲೆ ಸ್ವಲ್ಪ ಗಡುಸಾಗಿ, "ನೀವು ಎಣ್ಣೆ ನೀರು ಚೆನ್ನಾಗಿ ಮಾಡ್ತೀರಿ. ಅಷ್ಟು ಸಾಕು," ಎಂದೂ ಸೇರಿಸಿದರು.

ಹಾಲವ್ವ ನಡುಮನೆಗೆ ಬಂದು ಚೀಲವನ್ನು ಮಡಿಲಲ್ಲಿಟ್ಟುಕೊಂಡು ನೆಲದ ಮೇಲೆ ಕೂತರು. ಮಾಟುಂಗಾದ ಎರಡನೆಯ ಮನೆಗೆ ಹೊತ್ತಾಗುತ್ತಿತ್ತು. ಧಾತ್ರಿಯ ಗಂಡ ಚಿನ್ಮಯ್ ಆಫೀಸಿಗೆ ಹೊರಡಲು ಶೂ ಹಾಕಿಕೊಳ್ಳುತ್ತಿದ್ದ. ಆಗ ಅವರು, ಹದಿನೇಳು ವರ್ಷದಲ್ಲಿ ಯಾವ ಮನೆಯಲ್ಲೂ ಬಿಡಿಸಿ ಹೇಳದ ಮಹಾದೇವಿಯ ಕತೆಯನ್ನು ಮೊದಲಿನಿಂದ ಕೊನೆಯ ತನಕ ಹೇಳಿದರು. ತಾವು ಬೀಗಿದ್ದನ್ನೂ ಬಿಡದೆ ಹೇಳಿದರು.

ಕೌಸಲ್ಯಾ ಅವರು ಕೊನೆಗೆ ಕೇಳಿದ್ದು ಒಂದೇ. "ಹಾಗಾದರೆ ಆ ಕನಸುಗಳೆಲ್ಲ?"

"ನಿಮ್ಮ ಸಲುವಾಗಿ ಹೇಳಿದ್ದ್ರಿ ಅಮ್ಮಾರ. ನೀವು ಬಾಗಿಲದಾಗ ನಿಂತು ಖುಷಿ ಪಡತಿದ್ರಿ."

ಈ ಬರಹದಲ್ಲಿ ತನ್ನ ಹೆಸರು ಹಾಕಲು ಧಾತ್ರಿ ಕೂಡಲೇ ಒಪ್ಪಿದಳು. ಕೌಸಲ್ಯಾ ಅವರು ಒಂದು ದಿನ ಯೋಚಿಸಿ ಒಪ್ಪಿದರು. ಹಾಲವ್ವನ ಆ ಮಾತು ಕೇಳಿದ ಮೇಲೆ ಡಾಕ್ಟರು ಬೇಡವೆನ್ನಲು ತಮಗೆ ಆಗಲಿಲ್ಲ ಎಂದು ಅವರೇ ಬರೆಸಿದ್ದಾರೆ. ಚಿನ್ಮಯ್ ಹಾಕಿಕೊಂಡಿದ್ದ ಒಂದೇ ಶೂವಿನಲ್ಲಿ ಹೆಂಡತಿಯ ಕೋಣೆಗೆ ಹೋದ. ಅರ್ಧ ಗಂಟೆಯಲ್ಲಿ ನಾಲ್ವರು ದೊಡ್ಡವರು, ಒಂದು ಕೂಸು ಟ್ಯಾಕ್ಸಿಯಲ್ಲಿದ್ದರು. ಹಾಲವ್ವ ಬರಲೇಬೇಕೆಂದು ಧಾತ್ರಿ ಅವರ ಸೆರಗು ಹಿಡಿದಿದ್ದಳು. ಆಸ್ಪತ್ರೆಯ ಬೆಂಚಿನ ಮೇಲೆ ಮಧ್ಯಾಹ್ನದ ತನಕ ಕೂಸನ್ನು ಮಡಿಲಲ್ಲಿಟ್ಟುಕೊಂಡು ಕೂತವರು ಹಾಲವ್ವನೇ. ಇಪ್ಪತ್ತೆರಡು ವರ್ಷದಲ್ಲಿ ಮೊದಲ ಬಾರಿ ಉಳಿದ ಮೂರು ಮನೆಗಳ ನೀರು ತಪ್ಪಿತು. ಮಾಟುಂಗಾದ ಮನೆಯವರು ಮಾರನೆಯ ದಿನವೇ ಬೇರೆಯವರನ್ನು ಗೊತ್ತು ಮಾಡಿಕೊಂಡರು. "ಅವರದೂ ತಪ್ಪಲ್ರಿ. ಎಣ್ಣಿ ಹಚ್ಚಕೊಂಡು ಕಾದಿದ್ರು ಪಾಪ," ಎನ್ನುತ್ತಾರೆ ಹಾಲವ್ವ.

ಡಾಕ್ಟರು ಹೇಳಿದ್ದು ಹೆಚ್ಚೇನಲ್ಲ. ದಿನಾ ಮಾತ್ರೆ, ವಾರಕ್ಕೊಮ್ಮೆ ಬಂದು ಮಾತಾಡುವುದು, ಧಾತ್ರಿಯನ್ನು ಒಂಟಿಯಾಗಿ ಬಿಡದಿರುವುದು, ರಾತ್ರಿ ಕೂಸಿನ ಪಾಳಿ ಅಪ್ಪ ಮತ್ತು ಅಜ್ಜಿಯದು. ನಾಳೆಗೇ ಗುಣವಾಗುವುದಿಲ್ಲ ಎಂದೂ ಹೇಳಿದ್ದರು, ಆಗಲೂ ಇಲ್ಲ. ಎರಡು ದಿನ ಚೆನ್ನಾಗಿದ್ದು ಮೂರನೆಯ ದಿನ ಧಾತ್ರಿ ಗೋಡೆಗೆ ಮುಖ ಮಾಡಿ ಮಲಗಿಬಿಡುತ್ತಿದ್ದಳು. ಮಾತ್ರೆ ಬೇಡವೆಂದು ಹಟ ಮಾಡಿದ ದಿನವೂ ಇತ್ತು. ಆ ದಿನ ಕೌಸಲ್ಯಾ ಅವರು ಮಾತ್ರೆ ಹಿಡಿದುಕೊಂಡು ಮುಕ್ಕಾಲು ಗಂಟೆ ಅವಳ ಪಕ್ಕದಲ್ಲಿ ಕೂತಿದ್ದರಂತೆ. ಬೆಂಗಳೂರಿನ ತಂಗಿಗೆ ಅವರೇ ಫೋನ್ ಮಾಡಿ ಇದ್ದದ್ದನ್ನು ಇದ್ದ ಹಾಗೆ ತಿಳಿಸಿದರು.

ಹಾಲವ್ವನೂ ಒಂದು ಬದಲಾವಣೆ ಮಾಡಿಕೊಂಡರು. ಆ ಮನೆಯಲ್ಲಿ ಕನಸು ಕೇಳುವುದನ್ನು ನಿಲ್ಲಿಸಿಬಿಟ್ಟರು. "ನನ್ನ ಮಾತ ಆಕಿಗೆ ಪರೀಕ್ಷಾ ಆಗಿತ್ರಿ. ದಿನಾ ಮುಂಜಾನೆ ಪಾಸ್ ಆಗಬೇಕಂತ ರಾತ್ರೆಲ್ಲಾ ಕುಂತು ಕನಸ ಕಟ್ಟತಿದ್ದಳು. ಇದು ನನಗ ಮೊದಲ ಹೊಳಿಬೇಕಿತ್ತು." ಬದಲಿಗೆ ಬಂಡೆಪ್ಪನ ಗೋದಾಮಿನ ಸುದ್ದಿ ಹೇಳುತ್ತಿದ್ದರು. ನೀಲಿ ಡಬ್ಬದ ರಾಶಿಗೆ ಹಸಿರು ಡಬ್ಬ ಬಿದ್ದು ಯಾರು ಯಾರ ಜೊತೆ ಮಾತು ಬಿಟ್ಟರು, ಯಾವ ಬೆಕ್ಕು ಯಾವ ಡ್ರಮ್ಮಿನಲ್ಲಿ ಮರಿ ಹಾಕಿತು. ಧಾತ್ರಿ ಕೆಲವೊಮ್ಮೆ ಕೇಳುತ್ತಿದ್ದಳು, ಕೆಲವೊಮ್ಮೆ ಇಲ್ಲ. ನಲವತ್ತು ದಿನ ಮುಗಿಯಿತು. ಹಾಲವ್ವ ಬರುವುದನ್ನು ಬಿಡಲಿಲ್ಲ, ಮನೆಯವರೂ ಸಾಕೆನ್ನಲಿಲ್ಲ.

ಐವತ್ತಮೂರನೆಯ ದಿನ, ಗುರುವಾರ. ಬೆಳಗಿನ ಆರಕ್ಕೆ ಐದು ನಿಮಿಷವಿದೆ. ಕೌಸಲ್ಯಾ ಅವರು ಬಾಗಿಲು ತೆರೆದು ತುಟಿಯ ಮೇಲೆ ಬೆರಳಿಡುತ್ತಾರೆ. ಕಣ್ಣಿನಲ್ಲೇ ಕೋಣೆಯತ್ತ ತೋರಿಸುತ್ತಾರೆ. ಹಾಲವ್ವ ಚಪ್ಪಲಿ ಹೊರಗೆ ಬಿಟ್ಟು, ಬಳೆಗಳನ್ನು ಮೊಳಕೈ ಕಡೆಗೆ ಸರಿಸಿಕೊಂಡು, ಬಾಗಿಲ ಸಂದಿಯಿಂದ ನೋಡುತ್ತಾರೆ. ಧಾತ್ರಿ ಬೋರಲಾಗಿ ಬಿದ್ದುಕೊಂಡಿದ್ದಾಳೆ. ಒಂದು ಕಾಲು ಮಂಚದಿಂದ ಹೊರಗಿದೆ, ಬಾಯಿ ತೆರೆದಿದೆ, ದಿಂಬಿನ ಮೇಲೆ ಜೊಲ್ಲಿನ ಕಲೆ. ಗೊರಕೆ ಎಂದರೆ ಎಂಥ ಗೊರಕೆ, ಅಷ್ಟು ಸಣ್ಣ ಮೈಯಿಂದ ಅಷ್ಟು ದೊಡ್ಡ ಸದ್ದು ಬರುವುದನ್ನು ಹಾಲವ್ವ ಅದುವರೆಗೆ ಕೇಳಿರಲಿಲ್ಲ.

"ಹತ್ತೂವರೆಗೆ ಮಲಗಿದವಳು," ಎಂದು ಪಿಸುಗುಟ್ಟುತ್ತಾರೆ ಕೌಸಲ್ಯಾ. "ಒಂದ್ಸಲವೂ ಎದ್ದಿಲ್ಲ. ಎಬ್ಬಿಸ್ಲಾ? ನೀವು ಅಷ್ಟು ದೂರದಿಂದ ನಡೆದು ಬಂದಿದ್ದೀರಿ."

ಹಾಲವ್ವ ತಲೆ ಅಲ್ಲಾಡಿಸಿ ಬೇಡ ಎನ್ನುತ್ತಾರೆ. ಕೂಸನ್ನು ಎತ್ತಿಕೊಂಡು ಇನ್ನೊಂದು ಬಚ್ಚಲಿಗೆ ಹೋಗಿ, ನಲ್ಲಿಯನ್ನು ಸಣ್ಣಗೆ ಬಿಟ್ಟು, ಎರೆದು, ಒರೆಸಿ, ಅಜ್ಜಿಯ ಕೈಗೆ ಕೊಡುತ್ತಾರೆ. ಅಷ್ಟಕ್ಕೇ ಹೊರಡಬಹುದಿತ್ತು. ಆದರೆ ಕೋಣೆಯ ಹೊರಗೆ ಗೋಡೆಗೆ ಒರಗಿ ಕೂರುತ್ತಾರೆ. ನಡುಮನೆಯ ಕಿಟಕಿಯಲ್ಲಿ ಬೆಳಕು ಹರಿಯುತ್ತಿದೆ. ಒಳಗಿನ ಗೊರಕೆ ಏರುತ್ತದೆ, ಇಳಿಯುತ್ತದೆ, ಒಮ್ಮೆ ನಿಂತಂತಾಗಿ ಮತ್ತೆ ಹೊರಡುತ್ತದೆ. ಕೌಸಲ್ಯಾ ಅವರೂ ಕೂಸಿನ ಜೊತೆ ಪಕ್ಕದಲ್ಲಿ ಕೂರುತ್ತಾರೆ. ಹೀಗೆ ಒಂದು ಗಂಟೆ, ಬಾಣಂತಿಗೆ ಎಂದು ಇಟ್ಟಿದ್ದ ಹೊತ್ತು ಪೂರ್ತಿ ಕಳೆಯುತ್ತದೆ.

ಎದ್ದು ಚೀಲ ಹೆಗಲಿಗೆ ಹಾಕಿಕೊಂಡು, ಚಪ್ಪಲಿ ಮೆಟ್ಟುತ್ತ, ಹಾಲವ್ವ ಬಹಳ ಮೆಲ್ಲಗೆ ಹೇಳುತ್ತಾರೆ.

"ಎದ್ದ ಮ್ಯಾಲ ನಾ ಬಂದಿದ್ದೆ ಅಂತ ಹೇಳಬ್ಯಾಡ್ರಿ ಅಮ್ಮಾರ. ಕೂಸಿಗೆ ನೀವ ಎರದ್ರಿ ಅಂತ ಹೇಳ್ರಿ. ನಾ ಬಂದು ಹೋದೆ ಅಂತ ತಿಳಿದ್ರ, ನಾಳಿಂದ ನಾ ಬರೂದರಾಗ ಏಳಬೇಕಂತ ಜೀವ ಹಿಡಕೊಂಡು ಮಲಗತಾಳ."